ಬಿಸಿಲಿಗೆ ಹಾಕಿದ ಚಹಾ

ನನ್ನ ಬದುಕಿನ ಅತ್ಯುತ್ತಮ ಭಾಷಣ ಐದಾರು ನಿಮಿಷದ್ದು. ಅದಕ್ಕೆ ಕಪ್ ಸಿಗಲಿಲ್ಲ, ತೀರ್ಪುಗಾರರೂ ಇರಲಿಲ್ಲ. ಕೇಳಿದವರು ಇಬ್ಬರೇ: ನನ್ನ ಅಮ್ಮ, ಮತ್ತು ನಾನು ಸಣ್ಣ ಕಾಕಾ ಎಂದು ಕರೆಯುತ್ತಿದ್ದ ನಮ್ಮ ಕೆಳಗಿನ ಅಂಗಡಿಯವರು. ಒಮಾನಿನ ಸಹಮ್‌ನಲ್ಲಿ, ಅಂಗಡಿಯ ಹಿಂದಿನ ಗೋದಾಮಿನ ಬಾಗಿಲಲ್ಲಿ, ಜುಲೈ ತಿಂಗಳ ಒಂದು ಬೆಳಿಗ್ಗೆ ಮೂಗಿಗೆ ಶಾಲು ಒತ್ತಿಕೊಂಡು ನಾನು ಅದನ್ನು ಮಾಡಿದೆ. ಗೆದ್ದೆ. ಗೆದ್ದದ್ದರಿಂದ ಮೂರು ಗೋಣಿ ಚಹಾ ಸತ್ತಿತು. ಅಣ್ಣ ತಮ್ಮಂದಿರಿಗಿಂತ ಹೆಚ್ಚಾಗಿದ್ದ ಇಬ್ಬರು ಗಂಡಸರು ಎಂಟು ವರ್ಷ ಮಾತು ಬಿಟ್ಟರು. ತಪ್ಪು ಯಾರದು ಎಂದು ಅವರಲ್ಲಿ ಒಬ್ಬರಿಗೆ ಗೊತ್ತಿತ್ತು, ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ನನಗಂತೂ ಗೊತ್ತಿತ್ತು.

ಅಪ್ಪ ಆಗ ಸೊಹಾರ್ ಕಡೆಯ ಒಂದು ಕಾರ್ಖಾನೆಯಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್. ನಮ್ಮ ಮನೆ ಮೊದಲ ಮಹಡಿಯಲ್ಲಿ, ಕೆಳಗೆ ಕಾಕಾನ ಅಂಗಡಿ. ಚಹಾ ಪುಡಿ, ಏಲಕ್ಕಿ, ಡಬ್ಬಿ ಹಾಲು, ಹೆದ್ದಾರಿ ಬದಿಯ ಕೆಫೆಟೀರಿಯಾಗಳಿಗೆ ಬೇಕಾದ ಸಕಲವೂ ಹೋಲ್‌ಸೇಲಿನಲ್ಲಿ. ಕಾಕಾ ಮಂಗಳೂರಿನ ಕಡೆಯ ಬ್ಯಾರಿ ವ್ಯಾಪಾರಿ. ಅಂಗಡಿಯಲ್ಲಿ ಅವರ ಪಾಲುದಾರರಾಗಿದ್ದ ಸಣ್ಣ ಕಾಕಾ ಅವರ ತಂಗಿಯ ಗಂಡ. ಅವರಿಬ್ಬರೂ ತಮ್ಮೊಳಗೆ ಬ್ಯಾರಿ ಭಾಷೆ ಆಡುತ್ತಿದ್ದರು, ನಾವು ಮನೆಯೊಳಗೆ ತುಳು, ಮೆಟ್ಟಿಲ ಮೇಲೆ ಎದುರಾದರೆ ಕನ್ನಡ. ನಾನು ಶಾಲೆಯಲ್ಲಿ ಇಂಗ್ಲಿಷ್ ಚರ್ಚಾತಂಡದ ನಾಯಕಿಯಾಗಿದ್ದವಳು, ಆಮೇಲೆ ಮಸ್ಕತ್‌ನ ಕಾಲೇಜಿನಲ್ಲೂ ಅದೇ. ರಜೆಗೆ ಮನೆಗೆ ಬಂದರೆ ಎದುರಾಳಿಗಳಿಲ್ಲದೆ ಬಾಯಿ ತುರಿಸುತ್ತಿತ್ತು. ಆ ಕೊರತೆಯನ್ನು ಕಾಕಾ ನೀಗಿಸುತ್ತಿದ್ದರು.

ಕಾಕಾ ವರ್ಷಕ್ಕೊಮ್ಮೆ ಫ್ಲಾಸ್ಕು, ಗ್ಲಾಸು ತರಲು ಚೀನಾಕ್ಕೆ ಹೋಗುತ್ತಿದ್ದರು. ಒಮ್ಮೆ ಗುವಾಂಗ್‌ಝೌದ ಒಬ್ಬ ವ್ಯಾಪಾರಿ ಅವರ ಮುಂದೆ ಒಂದು ಕಪ್ಪು ಬಿಲ್ಲೆ ಇಟ್ಟನಂತೆ. ನೋಡಲು ಸೆಗಣಿಯ ಬೆರಣಿ. ಅದರ ಮೂಲೆ ಚುಚ್ಚಿ ಒಂದು ಚೂರು ತೆಗೆದು ಬಿಸಿನೀರು ಹೊಯ್ದರೆ ಚಹಾ. ಹಾಲಿಲ್ಲ, ಸಕ್ಕರೆಯಿಲ್ಲ. "ಮೂವತ್ತು ವರ್ಷ ಚಾ ಮಾರಿದೆ, ಚಾ ಕುಡಿದದ್ದು ಆ ದಿವಸ" ಎನ್ನುತ್ತಿದ್ದರು ಕಾಕಾ. ಮುಂದಿನ ವರ್ಷ ಅವರು ಫ್ಲಾಸ್ಕು ಬಿಟ್ಟು ಯುನ್ನಾನ್‌ನ ಗುಡ್ಡಗಳಿಗೆ ಹೋದರು. ಅಲ್ಲಿ ಚಹಾ ಒತ್ತುವ ಒಬ್ಬ ಅಜ್ಜಿಯ ಮನೆಯಲ್ಲಿ ಒಂದು ಸೀಸನ್ ಪೂರ್ತಿ ಉಳಿದರು. ಇಬ್ಬರ ನಡುವೆ ಭಾಷೆಯೆಂದರೆ ಫೋನಿನ ಅನುವಾದ ಮತ್ತು ಕೈಸನ್ನೆ. ಹೊರಡುವಾಗ ಅಜ್ಜಿ ಮೂರು ಗೋಣಿ ಒಣ ಎಲೆ ಕೊಟ್ಟಳು, ಬಿಲ್ಲೆ ಒತ್ತುವ ಒಂದು ಹಳೆಯ ಕಲ್ಲು ಕೊಟ್ಟಳು. ಬದಲಿಗೆ ಒಂದೇ ಮಾತು ತೆಗೆದುಕೊಂಡಳು: ನಿನ್ನ ಊರಿನ ಗಾಳಿಯಲ್ಲಿ ಹದವಾದ ಒಂದು ಬಿಲ್ಲೆ ನನಗೆ ಕಳಿಸಬೇಕು.

ಕಾಕಾನಿಗೆ ಆ ಬಿಲ್ಲೆಯೇ ಪರೀಕ್ಷೆಯಾಯಿತು. ಚಹಾ ಪುಡಿಯ ವ್ಯಾಪಾರಿಯಾಗಿ ಅವರಿಗೆ ಯಾವ ಕೊರತೆಯೂ ಇರಲಿಲ್ಲ. ಆದರೆ ಎಲೆಯನ್ನು ಚಹಾ ಮಾಡಬಲ್ಲವನು ಎನಿಸಿಕೊಳ್ಳುವ ಆಸೆ ಐವತ್ತೆಂಟರ ವಯಸ್ಸಿನಲ್ಲಿ ಹತ್ತಿಕೊಂಡಿತ್ತು.

ಆ ಬೇಸಿಗೆಯಲ್ಲಿ ಗೋದಾಮಿನ ಎಸಿ ಬಂದ್ ಮಾಡಿ, ನೆಲವನ್ನು ಮೂರು ಸಲ ತೊಳೆದು, ಮೂರೂ ಗೋಣಿಯ ಎಲೆಯನ್ನು ಒಂದೇ ರಾಶಿ ಹಾಕಿದರು. ನೀರು ಚಿಮುಕಿಸಿದರು. ಮೇಲೆ ದಪ್ಪ ಹತ್ತಿಬಟ್ಟೆ ಒದ್ದೆ ಮಾಡಿ ಹೊದಿಸಿದರು. ಮಗುವಿಗೆ ಹೊದಿಸಿದ ಹಾಗೆ ಅಂಚುಗಳನ್ನು ಒಳಗೆ ಸೇರಿಸಿದ್ದು ನನಗೆ ನೆನಪಿದೆ.

"ಈಗ ಇದು ಒಳಗಿಂದಲೇ ಬಿಸಿಯಾಗ್ತದೆ" ಎಂದರು. "ವಾರಕ್ಕೊಮ್ಮೆ ಮಗುಚಬೇಕು. ಹೊರಗಿದ್ದದ್ದು ಒಳಗೆ, ಒಳಗಿದ್ದದ್ದು ಹೊರಗೆ. ಗಂಟು ಕಟ್ಟಿದ್ರೆ ಕೈಯಲ್ಲೇ ಬಿಡಿಸಬೇಕು. ಒಂದೂವರೆ ತಿಂಗಳು. ಆಮೇಲೆ ನೆರಳಲ್ಲಿ ಆರಿಸಿ ಹಬೆಯಲ್ಲಿ ಮೆತ್ತಗೆ ಮಾಡಿ ಒತ್ತುದು."

"ಇಷ್ಟು ಸಣ್ಣ ರಾಶಿ ಬಿಸಿಯಾಗ್ತದಾ?" ಎಂದು ಕೇಳಿದರು ಸಣ್ಣ ಕಾಕಾ.

"ಅಲ್ಲಿ ಚಳಿ, ಅದಕ್ಕೆ ಸೊಂಟದೆತ್ತರ ರಾಶಿ ಬೇಕು. ಇಲ್ಲಿ ಬಿಸಿ ಸರ್ಕಾರದಿಂದ ಫ್ರೀ ಉಂಟಲ್ಲ ಮಾರಾಯ!"

ಇದು ಅವರ ಸಿದ್ಧಾಂತ. ಬಾತಿನಾ ಕರಾವಳಿಯ ಬೇಸಿಗೆಯ ಸೆಕೆ ಮತ್ತು ಸಮುದ್ರದ ತೇವ ಎರಡೂ ಸೇರಿ ದೊಡ್ಡ ರಾಶಿಯ ಕೆಲಸವನ್ನು ಸಣ್ಣ ರಾಶಿಗೆ ಮಾಡಿಕೊಡುತ್ತವೆ. ನಾನು ತಕ್ಷಣ ವಿರೋಧಪಕ್ಷ ಹಿಡಿದೆ.

"ಕಾಕಾ, ಎಲೆ ಕೊಳೆಯುವುದಕ್ಕೂ ಹದ ಬರುವುದಕ್ಕೂ ವ್ಯತ್ಯಾಸ ಏನು? ಡೆಫಿನಿಷನ್ ಕೊಡಿ."

"ನೀನು ಇಡ್ಲಿ ತಿನ್ನುದಿಲ್ವಾ?"

"ಇಡ್ಲಿ ಹಿಟ್ಟು ಎಂಟು ಗಂಟೆ. ಇದು ನಲವತ್ತೈದು ದಿನ."

"ಉಪ್ಪಿನಕಾಯಿ?"

"ಅದಕ್ಕೆ ಉಪ್ಪುಂಟು. ಇದಕ್ಕೆ ಏನುಂಟು?"

"ಇದಕ್ಕೆ ನಾನಿದ್ದೇನೆ, ಲಾಯರಮ್ಮ" ಎಂದರು ಕಾಕಾ. ಸಣ್ಣ ಕಾಕಾ ಚೀಲ ಕಟ್ಟುತ್ತಲೇ, "ಇವಳನ್ನು ಕಟ್ಟಿಕೊಳ್ಳುವವನ ಗತಿ ಕೇಳಬೇಡಿ. ಒಂದು ಗ್ಲಾಸು ಚಾ ಬೇಕಾದ್ರೂ ಮೊದಲು ಡೆಫಿನಿಷನ್ ಹೇಳ್ಬೇಕಾದೀತು" ಎಂದರು. ಮೂವರೂ ನಕ್ಕೆವು. ದಿನಾ ಸಂಜೆ ಇದೇ ನಡೆಯುತ್ತಿತ್ತು. ಮಸ್ಕತ್‌ನ ಯಾವ ಸಭಾಂಗಣದಲ್ಲೂ ನನಗೆ ಅಷ್ಟು ಸುಖವಾದ ಎದುರಾಳಿ ಸಿಕ್ಕಿಲ್ಲ.

ಮೂರನೇ ವಾರದಲ್ಲಿ ಊರಿನಿಂದ ಸುದ್ದಿ ಬಂತು. ಕಾಕಾನ ಮಗಳಿಗೆ ಹೆರಿಗೆ ದಿನಕ್ಕಿಂತ ಮೊದಲೇ ಆಗುವ ಸೂಚನೆ, ಸ್ವಲ್ಪ ತೊಂದರೆಯೂ ಇತ್ತು. ಅವರು ಅರ್ಧ ದಿನದಲ್ಲಿ ಹೊರಟರು. ಗೋದಾಮಿನ ಕೀ ಸಣ್ಣ ಕಾಕಾನ ಕೈಗೆ, ಮಗುಚುವ ಕೆಲಸವೂ ಅವರಿಗೆ. ನನ್ನ ಕೈಗೆ ಒಂದು ನೋಟ್‌ಬುಕ್. ಅಪ್ಪ ತಂದುಕೊಟ್ಟಿದ್ದ ಉದ್ದ ಕಡ್ಡಿಯ ಥರ್ಮಾಮೀಟರನ್ನು ದಿನಾ ರಾಶಿಯ ಹೊಟ್ಟೆಗೆ ಚುಚ್ಚಿ ನೋಡಿ ಬರೆಯಬೇಕು. ಐವತ್ತರಿಂದ ಅರವತ್ತರ ಒಳಗಿದ್ದರೆ ಸರಿ. ಅರವತ್ತೈದು ದಾಟಿದರೆ ತೆರೆದು ಮಗುಚಬೇಕು.

"ನನಗೆ ಇದರಲ್ಲಿ ನಂಬಿಕೆಯೇ ಇಲ್ಲ, ನನ್ನ ಕೈಗೆ ಕೊಡ್ತಿದ್ದೀರಲ್ಲ?" ಎಂದೆ.

"ಅದಕ್ಕೇ ಕೊಡುದು. ಜಗಳ ಮಾಡುವವರು ಸರಿಯಾಗಿ ನೋಡ್ತಾರೆ."

ಬಿಸಿಲಿಗೆ ಹಾಕಬೇಡಿ ಎಂದು ಅವರು ಹೇಳಲಿಲ್ಲ. ಯಾಕೆ ಹೇಳಬೇಕು? ಬಟ್ಟೆ ಹೊದಿಸಿ ಒದ್ದೆ ಇಟ್ಟದ್ದನ್ನು ಯಾರಾದರೂ ಬಿಸಿಲಿಗೆ ಹಾಕುತ್ತಾರೆ ಎಂದು ಯಾರು ಊಹಿಸುತ್ತಾರೆ? ನಮ್ಮ ಕಡೆಯವರು ಹಾಕುತ್ತಾರೆ. ಅದು ಕಾಕಾನಿಗೆ ಗೊತ್ತಿರಬೇಕಿತ್ತು, ಅವರೂ ನಮ್ಮ ಕಡೆಯವರೇ. ಹೀಗೆ ಒಂದು ಪಾಲು ತಪ್ಪನ್ನು ಅವರ ತಲೆಗೂ ಕಟ್ಟಿ ನೋಡಿದ್ದೇನೆ. ನಿಲ್ಲುವುದಿಲ್ಲ.

ಅವರು ಹೋದ ಆರನೇ ದಿನಕ್ಕೆ ವಾಸನೆ ಮೆಟ್ಟಿಲು ಹತ್ತಿ ನಮ್ಮ ಮನೆಗೆ ಬಂತು. ಬೆಲ್ಲದ ಪಾಕಕ್ಕೆ ಒಣಮೀನು ಬಿದ್ದ ಹಾಗೆ. ಅಮ್ಮ ಕೆಳಗಿಳಿದು ಬಂದರು. ಸಣ್ಣ ಕಾಕಾ ಬಟ್ಟೆಯ ಒಂದು ಅಂಚು ಎತ್ತಿದರು. ರಾಶಿಯ ಮೇಲೆಲ್ಲ ಬಿಳಿ ಬೂಸ್ಟು, ಹತ್ತಿಯ ಹಾಗೆ ನವಿರಾಗಿ, ಕೆಲವು ಕಡೆ ಹಳದಿ ಚುಕ್ಕೆ.

"ಅಯ್ಯೋ ದೇವ್ರೇ" ಎಂದರು ಅಮ್ಮ.

"ಬೂಸ್ಟು ಬರ್ತದೆ ಅಂತ ಹೇಳಿದ್ರು" ಎಂದರು ಸಣ್ಣ ಕಾಕಾ, ಆದರೆ ದನಿಯಲ್ಲಿ ಗಟ್ಟಿತನ ಇರಲಿಲ್ಲ. "ಇಷ್ಟು ಬರ್ತದೆ ಅಂತ ಹೇಳ್ಲಿಲ್ಲ. ಎಂತ ಮಾಡುದು ಅಕ್ಕ?"

"ಮಳೆಗಾಲದಲ್ಲಿ ಕೊಬ್ಬರಿಗೆ ಬೂಸ್ಟು ಬಂದ್ರೆ ನಾವೆಂತ ಬಿಸಾಡ್ತೇವಾ? ಬಿಸಿಲು ಬಂದ ದಿವಸ ಅಂಗಳಕ್ಕೆ ಹಾಕುದು. ಹಪ್ಪಳಕ್ಕೂ ಅದೇ, ಅಕ್ಕಿಗೂ ಅದೇ."

ಸಣ್ಣ ಕಾಕಾ ಜೇಬಿನಿಂದ ಫೋನ್ ತೆಗೆದರು. "ಒಮ್ಮೆ ಭಾವನಿಗೆ ಫೋನ್ ಮಾಡಿ ಕೇಳ್ತೇನೆ."

ಆಗ ನಾನು ಮಾತಾಡಿದೆ.

ಮೊದಲನೆಯ ಅಂಶ: ಈ ಎಲೆಯನ್ನು ಯುನ್ನಾನ್‌ನಲ್ಲಿ ಕೊಯ್ದು, ಬಾಣಲೆಯಲ್ಲಿ ಹುರಿದು, ಅಂಗೈಯಲ್ಲಿ ಹೊಸೆದು ಒಣಗಿಸಿದ್ದು ಬಿಸಿಲಿನಲ್ಲೇ, ಕಾಕಾ ತಮ್ಮ ಬಾಯಿಂದಲೇ ಹೇಳಿದ್ದಾರೆ. ಅಂದಮೇಲೆ ಬಿಸಿಲು ಈ ಎಲೆಗೆ ಶತ್ರುವಲ್ಲ. ಎರಡನೆಯದು: ಬಿಸಿಲಿಗೆ ಹಾಕಬೇಡಿ ಎಂದು ಅವರು ಹೇಳಿಲ್ಲ, ಏನೇನು ಮಾಡಬಾರದು ಎಂದು ಇಷ್ಟುದ್ದ ಹೇಳಿದವರು ಅದನ್ನು ಬಿಟ್ಟಿದ್ದಾರೆಂದರೆ ಅದು ನಿಷಿದ್ಧವಲ್ಲ. ಮೂರನೆಯದು: ಹಾಳಾದದ್ದನ್ನು ಕುಡಿದು ಯಾರಿಗಾದರೂ ಏನಾದರೂ ಆದರೆ ಹೆಸರು ಕೆಡುವುದು ಅಂಗಡಿಯದು. ಇನ್ನು ಫೋನ್ ವಿಷಯ. ನಾನು ಅಲ್ಲಿ ಒಂದು ಕ್ಷಣ ನಿಲ್ಲಿಸಿದೆ. ಎಲ್ಲಿ ನಿಲ್ಲಿಸಿದರೆ ಕೇಳುವವರು ಮುಂದಕ್ಕೆ ಬಾಗುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

"ಫೋನ್ ಮಾಡಿದ್ರೆ ಬೇಡ ಅಂತಲೇ ಹೇಳ್ತಾರೆ. ಅವರಿಗೆ ಇದರ ಮೇಲೆ ಮೋಹ. ವಾದಿಯನ್ನೇ ಜಡ್ಜ್ ಮಾಡ್ತೀರಾ? ಅದೂ ಮಗಳು ಲೇಬರ್ ವಾರ್ಡಿನಲ್ಲಿ ಇರುವಾಗ? ಉಳಿಸಿಕೊಟ್ಟ ಮೇಲೆ ಹೇಳಿ, ಖುಷಿಪಡ್ತಾರೆ."

ಸಣ್ಣ ಕಾಕಾ ಫೋನನ್ನು ಜೇಬಿಗೆ ಹಾಕಿಕೊಂಡರು.

ನಾನು ಇದನ್ನೆಲ್ಲ ನಂಬಿದ್ದೆನೇ? ಇವತ್ತಿಗೂ ಖಚಿತವಾಗಿ ಹೇಳಲಾರೆ. ಚರ್ಚಾಸ್ಪರ್ಧೆಯಲ್ಲಿ ನೀವು ಪರವೋ ವಿರೋಧವೋ ಎಂಬುದನ್ನು ನಾಣ್ಯ ಹಾರಿಸಿ ತೀರ್ಮಾನಿಸುತ್ತಾರೆ. ಹದಿನೈದು ನಿಮಿಷದ ತಯಾರಿಯಲ್ಲಿ ಆ ಕಡೆಯನ್ನೇ ನಂಬುವ ಅಭ್ಯಾಸವಾಗುತ್ತದೆ. ಮೂರು ವಾರ ಸಂಜೆ ಸಂಜೆ ಸೋತು ನಗುತ್ತಿದ್ದ ಕಡೆಗೆ ಅವತ್ತು ಗೆಲ್ಲುವ ಸಂದರ್ಭ ಬಂದಿತ್ತು. ಎದುರಾಳಿ ಕೋಣೆಯಲ್ಲಿ ಇರಲಿಲ್ಲ.

ಒಂದು ವಿಷಯವನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ. ಅವತ್ತು ಬೆಳಿಗ್ಗೆ ಏಳು ಗಂಟೆಗೆ ನಾನೇ ಕಡ್ಡಿ ಚುಚ್ಚಿ ನೋಡಿದ್ದೆ. ಐವತ್ತೆಂಟು. ಹಿಂದಿನ ದಿನ ಐವತ್ತೇಳು, ಅದರ ಹಿಂದಿನ ದಿನ ಐವತ್ತೈದು. ಕಾಕಾನ ಸಿದ್ಧಾಂತ ಸರಿಯಾಗಿತ್ತು. ಸಣ್ಣ ರಾಶಿ ಸಹಮ್‌ನ ಸೆಕೆಯಲ್ಲಿ ಅಜ್ಜಿಯ ದೊಡ್ಡ ರಾಶಿಯ ಹಾಗೆಯೇ ಬೇಯುತ್ತಿತ್ತು. ಆ ಸಾಕ್ಷ್ಯ ನನ್ನ ಅಕ್ಷರದಲ್ಲಿ, ನನ್ನ ಕಂಕುಳಲ್ಲಿದ್ದ ನೋಟ್‌ಬುಕ್ಕಿನಲ್ಲಿ ಇತ್ತು. ನಾನು ಅದನ್ನು ಓದಿ ಹೇಳಲಿಲ್ಲ. ಎದುರು ಕಡೆಗೆ ಸಹಾಯವಾಗುವ ಅಂಕಿಯನ್ನು ನಾವಾಗಿ ಎತ್ತಬಾರದು. ಅದು ನಮಗೆ ಕಲಿಸುವ ಮೊದಲ ಪಾಠಗಳಲ್ಲಿ ಒಂದು.

ಮಧ್ಯಾಹ್ನದೊಳಗೆ ರಾಶಿ ಟೆರೇಸಿನಲ್ಲಿತ್ತು. ನೀರಿನ ಟ್ಯಾಂಕುಗಳ ನಡುವೆ ಅಮ್ಮನ ಹಳೆಯ ಬೆಡ್‌ಶೀಟುಗಳ ಮೇಲೆ ಹರಡಿದೆವು. ಪಕ್ಕದ ಟೆರೇಸಿನಲ್ಲಿ ನಮ್ಮ ಮನೆಯ ಅರ್ಬಾಬ್‌ನ, ಅಂದರೆ ಒಮಾನಿ ಮಾಲೀಕನ, ತಾಯಿ ನಿಂಬೆಹಣ್ಣು ಒಣಹಾಕಿದ್ದರು. ಆ ಮುದುಕಿ ನಮ್ಮ ಕಡೆ ನೋಡಿ ಕೈಯೆತ್ತಿ ಏನೋ ಒಳ್ಳೆಯ ಮಾತು ಹೇಳಿದರು. ಒಣಗಿಸುವವರ ಬಳಗಕ್ಕೆ ನಾವೂ ಸೇರಿದ್ದೆವು. ಒಮಾನಿನ ಜುಲೈ ಬಿಸಿಲು ನಮ್ಮೂರಿನ ಮಳೆಗಾಲದ ನಡುವೆ ಇಣುಕುವ ಬಿಸಿಲಲ್ಲ. ಬೂಸ್ಟು ಸಂಜೆಯೊಳಗೆ ಹೋಯಿತು. ಎರಡನೆಯ ದಿನಕ್ಕೆ ಎಲೆ ಹಿಡಿದರೆ ಪುಡಿಯಾಗುತ್ತಿತ್ತು. ವಾಸನೆಯೂ ಹೋಯಿತು. ಅಮ್ಮ ಸಮಾಧಾನದಿಂದ ಬೆಡ್‌ಶೀಟು ತೊಳೆಯಲು ಹಾಕಿದರು.

ಕಾಕಾ ಅಜ್ಜನಾಗಿ ಮರಳಿದರು. ಮೈಸೂರುಪಾಕಿನ ಪೆಟ್ಟಿಗೆ ಹಿಡಿದು ನೇರ ಗೋದಾಮಿಗೇ ಬಂದರು. ನಾನೂ ಹಿಂದೆಯೇ ಹೋದೆ, ಹೊಗಳಿಕೆಗೆ. ಖಾಲಿ ನೆಲ. ಮೂಲೆಯಲ್ಲಿ ಮೂರು ಗೋಣಿ ಬಾಯಿ ಕಟ್ಟಿ ನಿಂತಿದ್ದವು. ಒಂದನ್ನು ಬಿಚ್ಚಿ ಒಂದು ಹಿಡಿ ಎಲೆ ತೆಗೆದರು. ಅಂಗೈಯಲ್ಲಿ ಉಜ್ಜಿದರು. ಮೂಗಿನ ಹತ್ತಿರ ತಂದರು. ಬಹಳ ಹೊತ್ತು ಹಾಗೇ ಹಿಡಿದುಕೊಂಡರು.

ಆಮೇಲೆ ಸಣ್ಣ ಕಾಕಾನ ಕಡೆ ತಿರುಗಿ ಬ್ಯಾರಿಯಲ್ಲಿ ಕೇಳಿದರು, ಬಿಸಿಲಿಗೆ ಹಾಕಿದ್ದು ಯಾರು ಎಂದು.

"ನಾನು" ಎಂದರು ಸಣ್ಣ ಕಾಕಾ.

"ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ಬೂಸ್ಟು ಬಂದಿತ್ತು. ಹಾಕಿದೆ."

"ಒಂದು ಫೋನ್ ಮಾಡ್ಲಿಕ್ಕೆ ಆಗ್ಲಿಲ್ವಾ ನಿನಗೆ? ಒಂದು ಫೋನ್?"

ಸಣ್ಣ ಕಾಕಾ ಬಿಚ್ಚಿದ ಗೋಣಿಯ ಬಾಯಿಯನ್ನು ಮತ್ತೆ ಕಟ್ಟತೊಡಗಿದರು. ನನ್ನ ಕಡೆ ನೋಡಲೂ ಇಲ್ಲ. ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದೆ. ಅವರು ಆಡಿದ್ದು ಬ್ಯಾರಿಯಲ್ಲಿ, ಆದ್ದರಿಂದ ನನಗೆ ಅರ್ಥವಾಗಲಿಲ್ಲ ಎಂದು ನಟಿಸಬಹುದಿತ್ತು. ಹುಟ್ಟಿದಾಗಿನಿಂದ ಕೇಳಿದ ಭಾಷೆ, ಪ್ರತಿ ಮಾತೂ ಅರ್ಥವಾಗುತ್ತಿತ್ತು. ಪ್ರಶ್ನೆ ನನಗೆ ಕೇಳಿದ್ದಲ್ಲ, ಹಾಕಿದ್ದು ಅವರ ಕೈಯೇ ಆದ್ದರಿಂದ ಉತ್ತರವೂ ಪೂರ್ತಿ ಸುಳ್ಳಲ್ಲ, ಮಧ್ಯೆ ಬಾಯಿ ಹಾಕುವುದು ಅವರ ಮನೆಯ ವಿಷಯಕ್ಕೆ ಕೈ ಹಾಕಿದಂತೆ. ಇಷ್ಟೂ ವಾದಗಳು ನನ್ನ ತಲೆಯಲ್ಲಿ ಸಾಲಾಗಿ ಬಂದು ನಿಂತವು. ಎಲ್ಲವೂ ತಾರ್ಕಿಕವಾಗಿಯೇ ಇದ್ದವು.

ಕಾಕಾ ಮಾತನ್ನು ಕನ್ನಡಕ್ಕೆ ಹೊರಳಿಸಿ ನನ್ನ ನೋಟ್‌ಬುಕ್ ಕೇಳಿದರು. ಪುಟ ತಿರುವಿದರು. ಐವತ್ತೈದು, ಐವತ್ತೇಳು, ಐವತ್ತೆಂಟು. ಅವರ ಬೆರಳು ಕೊನೆಯ ಅಂಕಿಯ ಮೇಲೆ ನಿಂತಿತು.

"ಇಲ್ಲಿಗೆ ನಿಂತದ್ದು ಯಾಕೆ?"

"ಆಮೇಲೆ ರಾಶಿ ಇರಲಿಲ್ಲವಲ್ಲ ಕಾಕಾ."

"ಹೌದಲ್ಲ" ಎಂದರು. ನೋಟ್‌ಬುಕ್ ಮುಚ್ಚಿ ನನ್ನ ತಲೆ ಸವರಿದರು. "ನೀನು ಸರಿಯಾಗಿ ಬರೆದಿದ್ದಿ."

ಅವರು ಎಲೆಗೆ ಮತ್ತೆ ನೀರು ಚಿಮುಕಿಸಿ ರಾಶಿ ಹಾಕಿ ನೋಡಿದರು. ಹತ್ತು ದಿನ ಕಾದರು. ರಾಶಿ ಬಿಸಿಯಾಗಲಿಲ್ಲ, ಕೋಣೆಯ ಸೆಕೆಗಿಂತ ಒಂದೆರಡು ಡಿಗ್ರಿ ಮೇಲೆ ಹೋಗಿ ಅಲ್ಲೇ ಕೂತಿತು, ಆಮೇಲೆ ಹುಳಿ ವಾಸನೆ ಹಿಡಿಯಿತು. ಎಲೆಯೊಳಗೆ ಕೆಲಸ ಮಾಡುತ್ತಿದ್ದ ಜೀವಗಳು ಟೆರೇಸಿನಲ್ಲೇ ಸತ್ತಿದ್ದವು. ನನಗೆ ಇದನ್ನು ವಿವರಿಸುವಾಗ ಕಾಕಾ ಯಾವ ನಾಟಕವನ್ನೂ ಮಾಡಲಿಲ್ಲ. "ಅಡುಗೆಯವರನ್ನು ಓಡಿಸಿ ಪಾತ್ರೆ ಒಲೆಯ ಮೇಲೆ ಇಟ್ಟ ಹಾಗೆ ಆಯ್ತು" ಎಂದರು, ಅಷ್ಟೆ.

ಆದರೂ ಒತ್ತಿದರು. ಸಣ್ಣ ಕಾಕಾನನ್ನು ಕರೆಯಲಿಲ್ಲ, ನನ್ನನ್ನು ಕರೆದರು. ಅಂಗಡಿಯ ಹಿಂದೆ ಗ್ಯಾಸ್ ಒಲೆಯ ಮೇಲೆ ದೊಡ್ಡ ಪಾತ್ರೆ ಕುದಿಯುತ್ತಿತ್ತು. ತಳಕ್ಕೆ ತೂತು ಹೊಡೆದ ಹಾಲಿನ ಡಬ್ಬಿಯಲ್ಲಿ ಎಲೆ ತೂಗಿ ತುಂಬಿ, ಹಬೆಯ ಮೇಲೆ ಹಿಡಿಯುವುದು. ಅರ್ಧ ನಿಮಿಷದಲ್ಲಿ ಗರಿಗರಿ ಎಲೆ ಬೆಂದ ಸೊಪ್ಪಿನ ಹಾಗೆ ಕುಗ್ಗುತ್ತದೆ. ಅದನ್ನು ಬಟ್ಟೆಯ ಚೀಲಕ್ಕೆ ಸುರಿದು, ಬಾಯಿಯನ್ನು ತಿರುಚಿ ತಿರುಚಿ ನಡುವಿಗೆ ಒಂದು ಗಂಟು ತರುವುದು. ಒತ್ತಿದ ಮೇಲೆ ಬಿಲ್ಲೆಯ ಬೆನ್ನಿನಲ್ಲಿ ಹೊಕ್ಕುಳಿನಂತೆ ಉಳಿಯುವ ಗುಳಿ ಈ ಗಂಟಿನದು. ಚೀಲವನ್ನು ಮಟ್ಟಸ ಮಾಡಿ ಮೇಲೆ ಅಜ್ಜಿಯ ಕಲ್ಲು ಇಟ್ಟು, ಕಲ್ಲಿನ ಮೇಲೆ ಹತ್ತಿ ನಿಂತು, ಬಲಕ್ಕೆ ಎಡಕ್ಕೆ ಮೆಲ್ಲಗೆ ಓಲಾಡಬೇಕು.

"ಹತ್ತು ಲಾಯರಮ್ಮ."

ನಾನು ಹತ್ತಿ ಓಲಾಡಿದೆ. ಕಲ್ಲು ಅಲುಗಲಿಲ್ಲ.

"ನಿನಗೆ ಮಾತಿಗೆ ಮಾತ್ರ ತೂಕ ಉಂಟು. ಇಳಿ" ಎಂದು ತಾವೇ ಹತ್ತಿದರು. ತಮಾಷೆಗೆ ಹೇಳಿದ್ದು. ಎಷ್ಟು ಸರಿಯಾಗಿ ಹೇಳಿದರೆಂದು ಅವರಿಗೆ ಗೊತ್ತಿರಲಿಲ್ಲ. ಗಂಡಸಿನ ಪಾದ, ಹಳೆಯ ಬರ್ಮುಡಾ, ಕಲ್ಲಿನ ಮೇಲೆ ಆ ಕಡೆ ಈ ಕಡೆ ತೂಗುತ್ತಿರುವ ಒಬ್ಬ ಬಡಕಲು ಮನುಷ್ಯ. ನಾನು ಅವತ್ತು ಹೇಳಬಹುದಿತ್ತು. ಅಲ್ಲಿ ನಾವಿಬ್ಬರೇ ಇದ್ದೆವು. ಬಾಯಿ ತೆರೆದೆ. ಕೇಳಿದ್ದು ಬೇರೆಯೇ:

"ಹಾಳಾದದ್ದನ್ನು ಯಾಕೆ ಒತ್ತುತ್ತೀರಿ ಕಾಕಾ? ಅಜ್ಜಿಗೆ ಕಳಿಸ್ತೀರಾ?"

"ಇದನ್ನಾ? ಅವಳು ಒಂದು ಗುಟುಕು ಕುಡಿದು ಹೇಳಿಯಾಳು, ನಡುವಲ್ಲಿ ಬಿಸಿಲು ಕಂಡಿದೆ ಅಂತ. ಬೇಡ. ನನಗೆ ನಾಚಿಕೆ." ಕಲ್ಲಿನಿಂದ ಇಳಿದು ಚೀಲ ಬಿಚ್ಚಿದರು. "ಆದ್ರೆ ಎಲೆ ಒಳ್ಳೆಯದು. ಬಿಲ್ಲೆಯೊಳಗೆ ಹತ್ತಾರು ವರ್ಷ ಕೂತ್ರೆ ತಾನಾಗಿ ಏನಾದ್ರೂ ಆದೀತು. ಆಗದೆಯೂ ಇರಬಹುದು. ನಿನಗೆ ಒಂದು ಕೊಡ್ತೇನೆ. ನೆರಳಲ್ಲಿಡು, ಗಾಳಿಯಾಡಬೇಕು, ಹತ್ತಿರ ಮಸಾಲೆ ಬೇಡ, ಫ್ರಿಜ್ ಬೇಡವೇ ಬೇಡ. ಒಂದು ದಿವಸ ಒಡೆದು ಕುಡಿದು ನನಗೆ ಹೇಳು, ಸುಳ್ಳು ಬೇಡ."

ಆ ವರ್ಷದ ಕೊನೆಗೆ ಸಣ್ಣ ಕಾಕಾ ಪಾಲುದಾರಿಕೆ ಬಿಟ್ಟು ಸೂರ್‌ಗೆ ಹೋದರು. ಮೀನುಗಾರರ ಬಂದರಿನ ಹತ್ತಿರ ಒಂದು ಸಣ್ಣ ಕೆಫೆಟೀರಿಯಾ ಹಾಕಿದರು. ಕಾಕಾ ಮೂರು ವರ್ಷ ಒಬ್ಬರೇ ಅಂಗಡಿ ನಡೆಸಿ, ಆಮೇಲೆ ಮುಚ್ಚಿ ಊರಿಗೆ ಹೋದರು. ಮೆಟ್ಟಿಲಲ್ಲಿ ಯಾರು ಸಿಕ್ಕರೂ ಅವರ ಬಾಯಲ್ಲಿ ಒಂದೇ ಮಾತು: ಚಾ ಹೋದದ್ದಕ್ಕೆ ಬೇಸರ ಇಲ್ಲ, ಒಂದು ಫೋನ್ ಮಾಡ್ಲಿಕ್ಕೆ ಆಗ್ಲಿಲ್ವಾ ಅವನಿಗೆ? ನಾನು ಹೇಳಿಬಿಡುತ್ತೇನೆ ಎಂದು ಒಮ್ಮೆ ಅಮ್ಮನಿಗೆ ಅಂದೆ. "ಸುಮ್ನಿರು, ದೊಡ್ಡವರ ವ್ಯವಹಾರ" ಎಂದರು ಅಮ್ಮ. ಜೀವನದಲ್ಲಿ ಅಮ್ಮನ ಯಾವ ಮಾತನ್ನೂ ವಾದಿಸದೆ ಒಪ್ಪದ ನಾನು ಅದೊಂದನ್ನು ಒಪ್ಪಿದೆ.

ಈಗ ನಾನು ಮಸ್ಕತ್‌ನ ದಾರ್ಸೈಟ್‌ನಲ್ಲಿ ಇದ್ದೇನೆ. ಒಂದು ವಿಮಾ ಕಂಪನಿಯಲ್ಲಿ ಕೆಲಸ. ಜನ ಕೇಳಿದ ಪರಿಹಾರವನ್ನು ಯಾಕೆ ಕೊಡಲಾಗುವುದಿಲ್ಲ ಎಂದು ವಿನಯವಾಗಿ ಪತ್ರ ಬರೆಯುವುದು. ಬಿಲ್ಲೆ ನನ್ನ ಪುಸ್ತಕದ ಕಪಾಟಿನ ಮೇಲಿನ ಹಲಗೆಯಲ್ಲಿ, ಕಾಗದದಲ್ಲಿ ಸುತ್ತಿಕೊಂಡು ಎಂಟು ವರ್ಷ ಕೂತಿತ್ತು.

ಕಳೆದ ತಿಂಗಳು ಕಾಕಾನ ವಾಯ್ಸ್ ಮೆಸೇಜ್ ಬಂತು. "ಲಾಯರಮ್ಮ, ಆ ಬಿಲ್ಲೆ ಉಂಟಾ? ಯುನ್ನಾನಿನ ಅಜ್ಜಿ ಹೋದಳಂತೆ, ಅವಳ ಮಗ ಮೆಸೇಜ್ ಮಾಡಿದ್ದ. ನನಗೂ ಒಂದು ಜ್ವರ ಬಂದು ಹೋದ ಮೇಲೆ ವಾಸನೆ, ರುಚಿ ಎರಡೂ ಹೋಗಿದೆ. ಬಿಸಿನೀರಿಗೂ ಚಾಕ್ಕೂ ವ್ಯತ್ಯಾಸ ಗೊತ್ತಾಗುದಿಲ್ಲ. ನನ್ನಲ್ಲಿದ್ದದ್ದನ್ನು ಒಡೆದೆ, ಎಂತ ಪ್ರಯೋಜನ? ನೀನು ಒಡೆದು ಹೇಳು ನೋಡುವಾ. ನಿನ್ನ ನಾಲಗೆ ನಂಬ್ತೇನೆ."

ಶುಕ್ರವಾರ ಬೆಳಿಗ್ಗೆ ಒಡೆದೆ. ಹೋಲಿಸಿ ನೋಡಲು, ದುಬೈಯಿಂದ ಬರುವ ಗೆಳತಿಯ ಕೈಯಲ್ಲಿ ಸರಿಯಾಗಿ ಹದವಾದ ಒಂದು ಬಿಲ್ಲೆಯನ್ನೂ ತರಿಸಿದ್ದೆ. ಅದು ಕಡುಕೆಂ‍ಪಾಗಿ ಇಳಿಯಿತು. ಮಳೆ ನಿಂತ ಮೇಲಿನ ಮಣ್ಣು, ಹಳೆಯ ಮರ, ಕೊನೆಯಲ್ಲಿ ಗಂಟಲಿನಲ್ಲಿ ಒಂದು ಸಿಹಿ. ಆ ಸಿಹಿ ಬಂದಾಗ ನನಗೆ ಕಾಕಾನ ಮೂವತ್ತು ವರ್ಷದ ಮಾತು ಮೊದಲ ಸಲ ಅರ್ಥವಾಯಿತು. ಆಮೇಲೆ ನಮ್ಮದನ್ನು ಕುಡಿದೆ. ಹಳದಿಯೂ ಅಲ್ಲ ಕಂದೂ ಅಲ್ಲದ ನೀರು. ಒಣಹುಲ್ಲು, ಸ್ವಲ್ಪ ಹುಳಿ. ಗಂಟಲಿಗೆ ಇಳಿದ ಮೇಲೆ ಏನೂ ಇಲ್ಲ.

ಫೋನ್ ಮಾಡುವ ಮೊದಲು ಎರಡು ಉತ್ತರ ತಯಾರಿದ್ದವು. ಚೆನ್ನಾಗಿದೆ ಎಂದರೆ ಅವರಿಗೆ ಪರೀಕ್ಷಿಸುವ ದಾರಿಯೇ ಇರಲಿಲ್ಲ. ಯಾರಿಗೂ ನಷ್ಟವಿಲ್ಲದ ಸುಳ್ಳು. ಅದರ ಪರ ಹತ್ತು ನಿಮಿಷ ಮಾತಾಡಬಲ್ಲೆ.

"ಹೇಳು" ಎಂದರು ಕಾಕಾ.

"ಸಪ್ಪೆ ಉಂಟು ಕಾಕಾ. ಏನೂ ಆಗ್ಲಿಲ್ಲ."

"ಹಾಂ. ನಾನೂ ಗ್ರಹಿಸಿದ್ದೆ. ಹೋಗ್ಲಿ ಬಿಡು."

"ಬಿಸಿಲಿಗೆ ಹಾಕಿ ಅಂತ ಹೇಳಿದ್ದು ನಾನು."

ಆ ಕಡೆ ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯಿತು. ಯಾರೋ ಒಲೆ ಆರಿಸಿದರು.

"ಸಣ್ಣ ಕಾಕಾನಿಗೆ ಮನಸ್ಸಿರಲಿಲ್ಲ. ನಾನು ವಾದ ಮಾಡಿ ಒಪ್ಪಿಸಿದೆ. ಐವತ್ತೆಂಟು ಡಿಗ್ರಿ ಉಂಟು ಅಂತ ಗೊತ್ತಿದ್ದೂ ಹೇಳ್ಲಿಲ್ಲ."

"ಅವನು ಫೋನ್ ಮಾಡ್ಲಿಕ್ಕೆ ಹೊರಟಿದ್ದನಾ?"

ಚಹಾದ ಬಗ್ಗೆ ಕೇಳುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಇದೊಂದನ್ನೇ.

"ಕೈಯಲ್ಲಿ ಫೋನ್ ಹಿಡಿದಿದ್ರು. ನಾನು ಬೇಡ ಅಂದೆ."

"ಸರಿ, ಇಡ್ತೇನೆ" ಎಂದರು ಕಾಕಾ. ಲಾಯರಮ್ಮ ಅನ್ನಲಿಲ್ಲ. ಮರುದಿನ ಒಂದು ಸಾಲಿನ ಮೆಸೇಜ್ ಇತ್ತು: ಉಳಿದ ಚಾ ಅವನಿಗೆ ಕೊಡು, ನೀನೇ ಹೋಗಿ ಕೊಡು.

ಮುಂದಿನ ಶುಕ್ರವಾರ ಸೂರ್‌ಗೆ ಹೋದೆ. ಜುಮಾ ನಮಾಜು ಮುಗಿದು ಕೆಫೆಟೀರಿಯಾದಲ್ಲಿ ಎರಡು ಮೂರು ಜನ ಇದ್ದರು. ಸಣ್ಣ ಕಾಕಾನ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. "ಓ, ಡೆಫಿನಿಷನ್ ಬಂತು!" ಎಂದರು. ನಾನು ಕಾಗದ ಬಿಚ್ಚಿ ಅರ್ಧ ಬಿಲ್ಲೆಯನ್ನು ಕೌಂಟರಿನ ಮೇಲೆ ಇಟ್ಟೆ. ಅವರು ಅದನ್ನು ಗುರುತಿಸಿದರು. ನಾನು ಕಾಕಾನಿಗೆ ಎಲ್ಲ ಹೇಳಿದೆ ಎಂದೆ.

"ಯಾಕೆ ಹೇಳ್ಲಿಕ್ಕೆ ಹೋದೆ ಮಾರಾಯ್ತಿ?"

"ನೀವು ಯಾಕೆ ಹೇಳಲಿಲ್ಲ?"

"ಎಂತ ಹೇಳುದು? ಒಂದು ಹುಡುಗಿಯ ಮಾತು ಕೇಳಿ ಭಾವನ ಚಾ ಹಾಳು ಮಾಡಿದೆ ಅಂತ ಹೇಳುದಾ? ಅದಕ್ಕಿಂತ ನಾನೇ ಮಾಡಿದೆ ಅನ್ನುದು ಮರ್ಯಾದೆ ಅಂತ ಆಯ್ತು." ಬಟ್ಟೆಯಿಂದ ಕೌಂಟರ್ ಒರೆಸಿದರು, ಒರೆಸಿದ ಜಾಗವನ್ನೇ ಮತ್ತೆ ಒರೆಸಿದರು. "ಎರಡು ದಿವಸದ ಕೋಪ ಅಂತ ಗ್ರಹಿಸಿದ್ದೆ. ಎಂಟು ವರ್ಷ ಅಂತ ಗೊತ್ತಿದ್ರೆ ನಿನ್ನ ಹೆಸರೇ ಹೇಳ್ತಿದ್ದೆ." ಅದಕ್ಕೆ ಇಬ್ಬರೂ ನಗಲು ಹೋದೆವು. "ನನ್ನ ಹೆಂಡತಿ ಅವಳ ಅಣ್ಣನ ಮನೆ ಮೆಟ್ಟಿಲು ಹತ್ತದೆ ಎಂಟು ವರ್ಷ ಆಯ್ತು. ಆಗ ಹುಟ್ಟಿದ ಮಗುವನ್ನು ಫೋಟೋದಲ್ಲಿ ನೋಡಿದ್ದು."

ಕ್ಷಮಿಸಿ ಎಂದೆ. ಅದು ವಾದದ ಸಾಲಿಗೆ ಸೇರುವ ಶಬ್ದವಲ್ಲ. ನನ್ನ ಬಾಯಲ್ಲಿ ಅಷ್ಟು ಸರಿಯಾಗಿ ಬರಲೂ ಇಲ್ಲ.

ಅವರು ಒಂದು ಚೂರು ಮುರಿದು ಗ್ಲಾಸಿಗೆ ಹಾಕಿ ಬಿಸಿನೀರು ಹೊಯ್ದರು. ಮೊದಲ ನೀರು ಚೆಲ್ಲಿ ಎರಡನೆಯದನ್ನು ಇಳಿಸಿದರು. ಕಾಕಾ ಕಲಿಸಿದ ಕ್ರಮ, ಮರೆತಿರಲಿಲ್ಲ. ಕುಡಿದರು. ಮುಖದಲ್ಲಿ ಏನೂ ಕಾಣಲಿಲ್ಲ.

"ಸಕ್ಕರೆ ಹಾಕ್ಲಿಕ್ಕೆ ಇಲ್ಲ ಅಲ್ವಾ ಇದಕ್ಕೆ?"

"ಇಲ್ಲ."

ಉಳಿದದ್ದನ್ನು ಮತ್ತೆ ಕಾಗದದಲ್ಲಿ ಸುತ್ತಿದರು. ಒಲೆಯಿಂದ ದೂರ, ಏಲಕ್ಕಿ ಡಬ್ಬಿಯಿಂದ ದೂರ, ಬಾಗಿಲಿನ ಬಿಸಿಲು ತಾಗದ ಮೂಲೆಯ ಹಲಗೆಯ ಮೇಲೆ, ಗಾಳಿಯಾಡುವ ಹಾಗೆ ಇಟ್ಟರು. ಆಮೇಲೆ ಕೇಳಿದರು:

"ಭಾವನಿಗೆ ಈಗ ನಿಜವಾಗಿ ಚಾದ ರುಚಿ ಗೊತ್ತಾಗುದಿಲ್ವಾ?"

"ಇಲ್ಲ."

"ಹಾಗಾದ್ರೆ ಫೋನ್ ಮಾಡಿ ಎಂತ ಮಾತಾಡುದು?"

ಅವರ ಫೋನ್ ಕೌಂಟರಿನ ಮೇಲೆಯೇ ಇತ್ತು. ಮಾಡಿ ಎನ್ನಲು ನನ್ನ ಬಳಿ ಬೇಕಾದಷ್ಟು ಕಾರಣಗಳಿದ್ದವು. ಒಂದನ್ನೂ ಹೇಳಲಿಲ್ಲ. ಆ ಫೋನಿನ ವಿಷಯದಲ್ಲಿ ಅವರನ್ನು ಒಪ್ಪಿಸುವ ಹಕ್ಕನ್ನು ನಾನು ಎಂಟು ವರ್ಷದ ಹಿಂದೆಯೇ ಕಳೆದುಕೊಂಡಿದ್ದೆ. ಒಬ್ಬ ಮೀನುಗಾರ ಬಂದು ಕರಕ್ ಚಹಾ ಕೇಳಿದ. ಅವರು ಹಾಲಿನ ಡಬ್ಬಿಗೆ ತೂತು ಹೊಡೆಯಲು ಒಳಗೆ ಹೋದರು.

ಇದಾಗಿ ಮೂರು ವಾರ. ಕಾಕಾ ನನಗೆ ಫೋನ್ ಮಾಡಿಲ್ಲ, ಸಣ್ಣ ಕಾಕಾನೂ ಮಾಡಿಲ್ಲ. ಅವರಿಬ್ಬರು ಮಾತಾಡಿದರೋ ಎಂದು ನಾನು ಇಬ್ಬರಿಗೂ ಫೋನ್ ಮಾಡಿ ಕೇಳುವುದಿಲ್ಲ.